ಜೇಡದ ಮನೆಗೆ ಜರಡಿಯ ಕಿಟಕಿ

ನಮ್ಮ ಮನೆಯಲ್ಲಿ ಜೇಡ ಕಂಡರೆ ಪೊರಕೆ ಹುಡುಕುತ್ತಿದ್ದೆವೇ ಹೊರತು, ಅದಕ್ಕೊಂದು ಮನೆ ಕಟ್ಟಿಕೊಡಬೇಕೆಂದು ಯಾರೂ ಯೋಚಿಸಿದವರಲ್ಲ. ಹಬ್ಬ ಹತ್ತಿರ ಬಂದರೆ ಉದ್ದನೆಯ ಕೋಲಿಗೆ ಪೊರಕೆ ಬಿಗಿದು ಮೂಲೆಮೂಲೆಯ ಬಲೆ ತೆಗೆಯುವುದು ಅಮ್ಮ ಮೈಸೂರಿನಿಂದ ಮದರಾಸಿಗೆ ಬಂದ ಮೇಲೂ ಬಿಡದ ಪದ್ಧತಿ. ಅಂಥ ಮನೆಗೆ ನನ್ನ ತಮ್ಮ ಒಂದು ಸಂಜೆ ಅಂಗೈಯಗಲದ, ಮೈತುಂಬ ರೋಮವಿದ್ದ ಟ್ಯಾರಂಟುಲಾ ಜೇಡವೊಂದನ್ನು ಚಕ್ಕುಲಿ ಡಬ್ಬದಲ್ಲಿ ಹಾಕಿಕೊಂಡು ಬಂದ.

ಅವನಿಗೆ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಯಂತ್ರದ ಭಾಗಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಕಳಿಸುವ ವಿಭಾಗ ಅವನದು. ಬೆಟ್ಟದ ಕಡೆಯಿಂದ ಬಂದ ಮರದ ರಾಶಿಯಲ್ಲಿ ಒಂದು ಟೊಳ್ಳು ದಿಮ್ಮಿಯಿತ್ತಂತೆ, ಅದನ್ನು ಸೀಳಿದರೆ ಒಳಗೆ ಇದು ಕೂತಿತ್ತಂತೆ. ಉಳಿದವರು ಚಪ್ಪಲಿ ಎತ್ತಿದರು, ಇವನು ತಿಂಡಿಯ ಡಬ್ಬ ಖಾಲಿ ಮಾಡಿ ಅದರ ಮೇಲೆ ಬೋರಲು ಹಾಕಿದ. ಸಾಲದೆಂದು ದಿಮ್ಮಿಯ ಒಂದು ಹೋಳನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

"ಅದರ ಮನೆ ಅಲ್ವೇನಕ್ಕಾ, ಬಿಟ್ಟು ಬರೋಕಾಗತ್ತಾ?" ಅಂದ.

ನನಗೆ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಮಾಧವರಂನಿಂದ ಪೆರುಂಗುಡಿಗೆ ದಿನವೂ ಬಸ್ಸು ಬದಲಿಸಿಕೊಂಡು ಹೋಗಿ, ಎಲ್ಲಿಯದೋ ದೇಶದ ವೈದ್ಯರು ಬಾಯಲ್ಲಿ ಅಡಿಕೆ ಇಟ್ಟುಕೊಂಡವರಂತೆ ಒದರಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡಿ, ಬೆವರಿನಲ್ಲಿ ಅದ್ದಿ ತೆಗೆದ ಬಟ್ಟೆಯಂತೆ ಮನೆಗೆ ಬರುವವಳು ನಾನು. ಬಂದರೆ ಊಟದ ಮೇಜಿನ ಮೇಲೆ ಇದು. "ಕಚ್ಚಿದರೆ ಯಾರೋ ಹೊಣೆ?" ಎಂದು ಕೂಗಾಡಿದೆ. ಅವನು ನಕ್ಕ. "ತಾನಾಗಿ ಯಾರ ತಂಟೆಗೂ ಹೋಗಲ್ಲ ಅದು. ನಿನಗಿಂತ ಸಾಧು."

ಅಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. "ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಂದು ಸ್ನಾನ ಮಾಡು" ಅಂದಳು. ಅವನು ಸ್ನಾನ ಮಾಡಿದ, ಬಿಟ್ಟು ಬರಲಿಲ್ಲ. ಅಮ್ಮನ ಹತ್ತಿರ ಅರ್ಧ ಮಾತು ಕೇಳಿ ಅರ್ಧ ಗೆಲ್ಲುವ ವಿದ್ಯೆ ಅವನಿಗೆ ಹುಟ್ಟಿನಿಂದ ಬಂದಿತ್ತು.

ದಿಮ್ಮಿಯೊಳಗೆ ಇನ್ನೂ ಒಂದು ಸಿಕ್ಕಿತ್ತು. ಕಾಲು, ರೋಮ ಎಲ್ಲವೂ ಇದ್ದು ಒಳಗೆ ಏನೂ ಇಲ್ಲದ ಒಂದು ಒಣ ಜೇಡ. ಅದನ್ನು ದೊಡ್ಡ ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟಿದ್ದ. "ಇದರ ಹಳೇ ಅಂಗಿ ಅಮ್ಮ. ಹಾವು ಪೊರೆ ಬಿಡಲ್ವಾ, ಹಾಗೆ" ಎಂದು ವಿವರಿಸಿದ. ಅಮ್ಮ ದೂರದಿಂದಲೇ ಬಗ್ಗಿ ನೋಡಿದಳು. ಅವಳಿಗೆ ನಂಬಿಕೆ ಬರಲಿಲ್ಲ. ಕಣ್ಣು, ಕೋರೆ, ಉಗುರು ಎಲ್ಲ ಇರುವ ಅಂಗಿ ಎಲ್ಲಿಯಾದರೂ ಉಂಟೆ? ಜೊತೆಯದು ಸತ್ತಿದೆ, ಇದು ಒಂಟಿಯಾಗಿದೆ ಎಂದು ಅವಳು ತೀರ್ಮಾನ ಮಾಡಿಬಿಟ್ಟಳು. ಅಪ್ಪ ಹೋದಾಗ ಅಮ್ಮನಿಗೆ ನಲವತ್ತೂ ಆಗಿರಲಿಲ್ಲ. ಆ ತೀರ್ಮಾನದ ಮೇಲೆ ಬಿಟ್ಟು ಬಾ ಎನ್ನುವ ಮಾತು ನಿಂತಿತು. ಷರತ್ತು ಮಾತ್ರ ಹಾಕಿದಳು: ಅದು ದೇವರ ಕೋಣೆಯ ಕಡೆ ಬರಕೂಡದು, ಏಕಾದಶಿಯ ದಿನ ಅದಕ್ಕೂ ಉಪವಾಸ. "ಅವತ್ತು ನನ್ನ ಮನೇಲಿ ಹಿಂಸೆ ನಡೀಬಾರದು." ತಮ್ಮ ಖುಷಿಯಾಗಿ ಒಪ್ಪಿದ. ವಾರಗಟ್ಟಲೆ ತಿನ್ನದೆ ಇರುವ ಪ್ರಾಣಿಗೆ ಏಕಾದಶಿ ಯಾವ ಲೆಕ್ಕ?

ಅದು ಮರದ ಮೇಲೆ ಇರುವ ಜಾತಿಯದೆಂದು ಅವನು ಬ್ರೌಸಿಂಗ್ ಸೆಂಟರಿನಲ್ಲಿ ಓದಿಕೊಂಡು ಬಂದಿದ್ದ. ನೆಲದಲ್ಲಿ ಬಿಲ ತೋಡುವುದಕ್ಕೆ ಅಗಲ ಬೇಕು, ಇದಕ್ಕೆ ಎತ್ತರ ಬೇಕು. ಚಕ್ಕುಲಿ ಡಬ್ಬ ತಾತ್ಕಾಲಿಕ. ಸಂಕ್ರಾಂತಿಯ ರಜೆಯಲ್ಲಿ ಸರಿಯಾದ ಮನೆ ಕಟ್ಟುವುದೆಂದು ಊಟ ಮಾಡುವಾಗಲೆಲ್ಲ ಹೇಳುತ್ತಿದ್ದ. ಮೀನಿನ ಗಾಜಿನ ತೊಟ್ಟಿ ತಂದು ನೆಟ್ಟಗೆ ನಿಲ್ಲಿಸುವುದು, ಬಾಯಿ ಇದ್ದ ಕಡೆ ಬಾಗಿಲು, ಗಾಳಿಗೆ ಒಂದು ಕಿಟಕಿ, ಮಧ್ಯೆ ಅದರ ಹಳೆಯ ದಿಮ್ಮಿ. ಅನ್ನದ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ತೋರಿಸುತ್ತಿದ್ದ. ನಾನು ಹೂಂ ಅನ್ನುತ್ತ ಸಾರು ಬಡಿಸಿ ಅವನ ನಕ್ಷೆ ಅಳಿಸುತ್ತಿದ್ದೆ.

ಸಂಕ್ರಾಂತಿ ಬರಲಿಲ್ಲ. ಅದಕ್ಕೆ ಮೊದಲು ಕಾರ್ತಿಕದ ಮಳೆ ಬಂತು, ಬೀದಿಯಲ್ಲಿ ನೀರು ನಿಂತಿತು, ಅವನಿಗೆ ಜ್ವರ ಬಂತು. ಮೊದಲು ಮಾತ್ರೆ, ಆಮೇಲೆ ಡ್ರಿಪ್ಸ್, ಆಮೇಲೆ ಒಂದು ದಿನ ಬೆಳಿಗ್ಗೆ ಐಸಿಯುನ ಗಾಜಿನ ಬಾಗಿಲು.

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ತಾಮ್ರದ ಗಿಂಡಿ ಇತ್ತು. ಅಜ್ಜಿ ಕಾಶಿಗೆ ಹೋದಾಗ ತಂದ ಗಂಗೆ, ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದು. ಯಾರಾದರೂ ಕೊನೆಯ ಹೊತ್ತಿನಲ್ಲಿದ್ದಾಗ ಅದನ್ನು ಒಡೆದು, ಮಂಚದಿಂದ ಇಳಿಸಿ ದರ್ಭೆಯ ಮೇಲೆ ಮಲಗಿಸಿ, ತುಳಸಿಯೊಂದಿಗೆ ಬಾಯಿಗೆ ಬಿಡಬೇಕು. ಅಪ್ಪ ಆಫೀಸಿನಲ್ಲಿ ಕುಸಿದು ಬಿದ್ದು ಅಲ್ಲೇ ಹೋದರು. ಗಿಂಡಿ ಗೂಡಿನಲ್ಲೇ ಉಳಿಯಿತು. ಅಮ್ಮ ಅದನ್ನು ಯಾವತ್ತೂ ಮರೆಯಲಿಲ್ಲ. ಹಾಗಾಗಿ ವೈದ್ಯರು ನಮ್ಮನ್ನು ಪಕ್ಕಕ್ಕೆ ಕರೆದು ಮಾತಾಡಿದ ದಿನ ಅವಳು ಸೆರಗಿನಡಿ ಗಿಂಡಿ, ತುಳಸಿ ಎರಡನ್ನೂ ಇಟ್ಟುಕೊಂಡು ಬಂದಿದ್ದಳು. ನರ್ಸು ಒಳ್ಳೆಯ ಹುಡುಗಿ. ಅಮ್ಮನ ಕೈ ಹಿಡಿದು, "ವಾಯಿಲೆ ಟ್ಯೂಬ್ ಇರುಕ್ಕು ಅಮ್ಮಾ, ಒರು ಸೊಟ್ಟು ಕೂಡ ಕುಡುಕ್ಕ ಕೂಡಾದು" ಎಂದಳು. ಬಾಯಲ್ಲಿ ಟ್ಯೂಬಿದೆ, ಒಂದು ಹನಿ ಕೂಡ ಕೊಡುವಂತಿಲ್ಲ. ಅವಳು ಹೇಳಿದ್ದು ಸರಿಯೇ. ಅಮ್ಮ ಗಾಜಿನ ಈಚೆ ನಿಂತಳು, ಅವನು ಆಚೆಯಿಂದ ಬರಲೇ ಇಲ್ಲ. ಮುಚ್ಚಿದ ಗಿಂಡಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ನಾವು ಆಟೋದಲ್ಲಿ ಮನೆಗೆ ಬಂದೆವು.

ಅಮ್ಮ ಅಳಲಿಲ್ಲ. ಬಂದವರೆಲ್ಲ ಅಳಿಸಲು ನೋಡಿದರು. ಅಳದಿದ್ದರೆ ಎದೆಗೆ ಕಷ್ಟ, ಅತ್ತುಬಿಡಲಿ ಎಂದು ನನಗೆ ಪಿಸುಗುಟ್ಟುತ್ತಿದ್ದವರನ್ನು ಒಬ್ಬೊಬ್ಬರನ್ನೇ ಬಾಗಿಲ ಆಚೆ ದಬ್ಬಬೇಕೆನಿಸಿತ್ತು. ಅವಳು ಒಂದೇ ಮಾತು ಹೇಳುತ್ತಿದ್ದಳು. "ನಾಲಿಗೆ ಒಣಗಿಸಿಕೊಂಡು ಹೋದ ಮಗು."

ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೆ ಅವನ ಕೋಣೆ ತೆಗೆದೆ. ಅಂಗಿಗಳನ್ನು ಯಾರಿಗಾದರೂ ಕೊಡುವುದಿತ್ತು. ಬೀರುವಿನ ಮೇಲೆ ಚಕ್ಕುಲಿ ಡಬ್ಬ ಕಂಡಿತು. ಆ ಗಲಾಟೆಯಲ್ಲಿ ಅದನ್ನು ಯಾರೂ ನೆನೆಸಿಕೊಂಡಿರಲಿಲ್ಲ. ಸತ್ತಿರುತ್ತದೆ ಎಂದುಕೊಂಡು ಮುಚ್ಚಳ ಸರಿಸಿದರೆ ಒಂದು ಕಾಲು ಮೆಲ್ಲಗೆ ಎದ್ದಿತು. ಅವನು ಹೋಗಿ ಇದು ಉಳಿದಿದೆಯಲ್ಲ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಹಾಲಿನ ಡೇರಿಯ ಪಕ್ಕ ದೊಡ್ಡ ಮರಗಳಿವೆ, ಅಲ್ಲಿ ಬಿಟ್ಟು ಬರೋಣವೆಂದು ಡಬ್ಬ ಎತ್ತಿಕೊಂಡು ಚಪ್ಪಲಿ ಮೆಟ್ಟಿದೆ.

"ಎಲ್ಲಿಗೆ?" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಮರಕ್ಕೆ ಬಿಟ್ಟು ಬರ್ತೀನಿ."

"ಮನೆ ಕಟ್ಟಿಕೊಡ್ತೀನಿ ಅಂದಿದ್ದ ಕಣೇ ಅವನು."

"ಅಮ್ಮ, ಈಗ ಅದೆಲ್ಲ ಯಾಕೆ..."

"ಕಟ್ಟಿಕೊಡು" ಅಂದಳು. "ಅವನ ಮಾತು ಅದೊಂದೇ ಉಳಿದಿರೋದು."

ಹೀಗೆ ನಾನು ಜೇಡಕ್ಕೆ ಮನೆ ಕಟ್ಟಲು ಹೊರಟೆ. ಕೊಳತ್ತೂರಿನ ಮೀನಿನ ಅಂಗಡಿಗೆ ಹೋಗಿ ಎತ್ತರದ ತೊಟ್ಟಿ ಬೇಕೆಂದೆ. ಎಂಥ ಮೀನು ಎಂದು ಅಂಗಡಿಯವನು ಕೇಳಿದ. ಮೀನಿಲ್ಲ ಎಂದೆ. ನೀರು ಎಷ್ಟು ಹಿಡಿಯಬೇಕೆಂದ. ನೀರೂ ಇಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿ, ಸುಮ್ಮನೆ ಒಂದು ಉದ್ದನೆಯ ತೊಟ್ಟಿಯನ್ನು ಆಟೋಗೆ ಹಾಕಿಸಿದ. ಮನೆಗೆ ಬಂದು ಅದನ್ನು ನೆಟ್ಟಗೆ ನಿಲ್ಲಿಸಿದಾಗ ತಮ್ಮ ಅನ್ನದ ಮೇಲೆ ಎಳೆದ ಗೆರೆ ಕಣ್ಣ ಮುಂದೆ ನಿಂತಿತು. ನಾನು ನೆಲದ ಮೇಲೆ ಕೂತು ಅತ್ತೆ. ಅಮ್ಮ ಅಡುಗೆಮನೆಯಿಂದ ಈಚೆಗೆ ಬಂದು ನೋಡಿ ಒಳಗೆ ಹೋದಳು.

ಪಕ್ಕದ ಬೀದಿಯ ಮರದ ಅಂಗಡಿಯಲ್ಲಿ ತೊಟ್ಟಿಯ ಬಾಯಿಗೆ ಸರಿಯಾಗಿ ಒಂದು ಚೌಕಟ್ಟು ಮಾಡಿಸಿ ಕೀಲು ಹಾಕಿಸಿದೆ. ಕೆಳಗಿನರ್ಧಕ್ಕೆ ಗಾಜು, ಮೇಲಿನರ್ಧಕ್ಕೆ ಜಾಲರಿ. ಸೊಳ್ಳೆಯ ನೈಲಾನ್ ಜಾಲರಿ ಬಡಿದೆ. ಅದನ್ನು ಇಂಥ ಜೇಡ ಕಡಿದು ಹರಿಯುತ್ತದೆಂದು ಆಫೀಸಿನಲ್ಲಿ ಓದಿದ ಮೇಲೆ ಕಿತ್ತು ಎಸೆದೆ. ಆ ಪುಟಗಳು ತಂಪು ದೇಶದವರು ಬರೆದವು, ಪೆಟ್ಟಿಗೆಯನ್ನು ಬೆಚ್ಚಗಿಡಲು ಹೀಟರು ಹಾಕಿ ಎಂದು ಬರೆದಿದ್ದರು. ಬಂದು ನಮ್ಮ ಮನೆಯ ತಗಡು ಹೊದಿಸಿದ ಬಚ್ಚಲಲ್ಲಿ ಒಂದು ಮಧ್ಯಾಹ್ನ ಕೂರಲಿ ಎನಿಸಿತು.

ತಂತಿಯ ಜಾಲರಿ ಹುಡುಕುತ್ತಿದ್ದಾಗ ಅಮ್ಮ ತನ್ನ ಹಿಟ್ಟಿನ ಜರಡಿ ತಂದು ಮುಂದಿಟ್ಟಳು. ಮೈಸೂರಿನಿಂದ ತಂದ ಜರಡಿ, ಅವನ ಚಕ್ಕುಲಿಗೆಂದೇ ಹಿಟ್ಟು ಜರಡಿ ಹಿಡಿಯುತ್ತಿದ್ದದ್ದು. "ಇದರ ತಂತಿ ಬಿಚ್ಚಿ ಹಾಕು" ಅಂದಳು. ನಾನು ಬೇಡವೆಂದೆ. "ಇನ್ನು ಚಕ್ಕುಲಿ ಯಾರಿಗೆ ಮಾಡಲಿ?" ಎಂದು ತಾನೇ ಸುತ್ತಿನ ಬಳೆಯನ್ನು ಬಡಿದು ಬಿಡಿಸಿದಳು.

ಅಲ್ಲಿಂದ ಮುಂದೆ ಕೆಲಸ ಅವಳ ಕೈಗೆ ಹೋಯಿತು. ಕೆಳಗೆ ಹಾಸಲು ತೆಂಗಿನ ನಾರಿನ ಪುಡಿ ಬೇಕು ಎಂದದ್ದೇ ತಡ, ಸಿಪ್ಪೆಗಳನ್ನು ನೆನೆಹಾಕಿ, ಒರಳುಕಲ್ಲಿನ ಗುಂಡಿನಿಂದ ಜಜ್ಜಿ, ತೊಳೆದು, ತಾರಸಿಯಲ್ಲಿ ಒಣಗಿಸಿದಳು. ಒಂದು ಕಡೆ ತೇವ, ಒಂದು ಕಡೆ ಒಣ ಇರಬೇಕೆಂದರೆ, "ಬಾಣಂತಿ ಕೋಣೆ ಹಾಗೆ ಅನ್ನು" ಎಂದು ಅರ್ಥ ಮಾಡಿಕೊಂಡಳು. ನೀರಿಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ. ಇರುವೆ ಹತ್ತಬಾರದೆಂದು ಸ್ಟೂಲಿನ ಕಾಲುಗಳಡಿ ನೀರಿನ ಬಟ್ಟಲು ಇಟ್ಟಳು, ಹಿಂದೆ ತಿಂಡಿಯ ಬೀರುವಿಗೆ ಇಡುತ್ತಿದ್ದಂತೆ. ಹೊಗೆ ಆಗದು ಎಂದದ್ದಕ್ಕೆ ಶುಕ್ರವಾರದ ಸಾಂಬ್ರಾಣಿ ನಿಲ್ಲಿಸಿದಳು. ಸೊಳ್ಳೆಬತ್ತಿಯೂ ಹೋಯಿತು. ನಾವಿಬ್ಬರೂ ಸೊಳ್ಳೆ ಕಚ್ಚಿಸಿಕೊಂಡು ಜೇಡ ಸಾಕಿದೆವು.

ಕೊನೆಗೆ ದಿಮ್ಮಿಯ ಹೋಳನ್ನು ಓರೆಯಾಗಿ ನಿಲ್ಲಿಸಿ, ಡಬ್ಬವನ್ನು ಒಳಗಿಟ್ಟು ಮುಚ್ಚಳ ತೆಗೆದೆವು. ಅದು ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಒಂದೊಂದೇ ಕಾಲಿಟ್ಟು ದಿಮ್ಮಿಯನ್ನು ಮುಟ್ಟಿ ನೋಡಿತು, ಗುರುತು ಸಿಕ್ಕಿದ ಹಾಗೆ ಸರಸರನೆ ಹತ್ತಿ ಟೊಳ್ಳಿನೊಳಗೆ ಸೇರಿಕೊಂಡಿತು. ಅಮ್ಮ ಜರಡಿಯ ಕಿಟಕಿಗೆ ಮುಖ ತಂದು, "ಮನೆ ಆಯ್ತು ಕಣಪ್ಪ" ಅಂದಳು. ಯಾರಿಗೆ ಹೇಳಿದಳೋ ನಾನು ಕೇಳಲಿಲ್ಲ.

ಆ ಬೇಸಿಗೆ ಅಮ್ಮ ಬದುಕಿದ್ದು ಆ ಗಾಜಿನ ಮುಂದೆ. ನಾನು ಡೇರಿಯ ಹುಲ್ಲಿನಿಂದ ಮಿಡತೆ ಹಿಡಿದು ತಂದು ಹಾಕುತ್ತಿದ್ದೆ, ಆಗ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಉಳಿದ ಹೊತ್ತೆಲ್ಲ ಅಲ್ಲೇ. ಅದರ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದಳು, ಹೂಬತ್ತಿ ಹೊಸೆಯುತ್ತಿದ್ದಳು, ಬಾಯಲ್ಲಿ ಏನೋ ಮಾತು. ನನ್ನೊಂದಿಗೆ ಆಡದ ಮಾತನ್ನು ಜೇಡದೊಂದಿಗೆ ಆಡುತ್ತಾಳಲ್ಲ ಎಂದು ಒಮ್ಮೊಮ್ಮೆ ಮನಸ್ಸು ಕಹಿಯಾಗುತ್ತಿತ್ತು. ಆದರೂ ಆಡಲಿ, ಅದು ಇರುವಷ್ಟು ದಿನ ಆಡಲಿ ಎಂದುಕೊಳ್ಳುತ್ತಿದ್ದೆ. ನನಗೆ ಹೆದರಿಕೆ ಒಂದೇ. ಇದೂ ಸತ್ತರೆ ಇವಳ ಗತಿಯೇನು?

ಮತ್ತೆ ಮಳೆಯ ದಿನಗಳು ಬಂದಾಗ ಅದು ತಿನ್ನುವುದನ್ನು ನಿಲ್ಲಿಸಿತು. ಹಾಕಿದ ಮಿಡತೆ ಅದರ ಬೆನ್ನ ಮೇಲೆ ಹತ್ತಿ ಇಳಿದರೂ ತಿರುಗಿ ನೋಡುತ್ತಿರಲಿಲ್ಲ. ಮೈಬಣ್ಣ ಮಾಸಿತು, ಹೊಟ್ಟೆ ಕಪ್ಪಗೆ ಹೊಳೆಯಿತು. ಅವನ ವರ್ಷಾಬ್ದಿಕ ಹತ್ತಿರ ಬರುತ್ತಿತ್ತು. "ಅದಕ್ಕೂ ಗೊತ್ತಾಗಿದೆ ಕಣೇ" ಎಂದಳು ಅಮ್ಮ. "ಅನ್ನ ಬಿಟ್ಟಿದೆ." ಹುಚ್ಚು ಮಾತಾಡಬೇಡ ಎಂದು ನಾನು ರೇಗಿದೆ. ರೇಗಿದರೂ, ಬಸ್ಸಿನಲ್ಲಿ ಕೂತಾಗ ನನಗೂ ಹಾಗೇ ಅನಿಸುತ್ತಿತ್ತು.

ಒಂದು ಸಂಜೆ ಆಫೀಸಿನಿಂದ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಗಿಂಡಿ. ದೇವರ ಗೂಡಿನಲ್ಲಿರಬೇಕಾದ ತಾಮ್ರದ ಗಿಂಡಿ ಹಜಾರದ ನೆಲದ ಮೇಲಿತ್ತು, ಬಾಯಿಯ ಬೆಸುಗೆ ಕಿತ್ತಿತ್ತು, ಪಕ್ಕದಲ್ಲಿ ತಮ್ಮನ ಸ್ಕ್ರೂಡ್ರೈವರು. ಜರಡಿಯ ಬಾಗಿಲು ತೆರೆದಿತ್ತು. ಅಮ್ಮ ಒದ್ದೆ ಕೂದಲಲ್ಲಿ, ಮಡಿಯುಟ್ಟು ಕೂತಿದ್ದಳು. ಅವಳ ಮುಂದೆ ಬಾಳೆಲೆಯ ತುದಿ, ಅದರ ಮೇಲೆ ದರ್ಭೆ, ದರ್ಭೆಯ ಮೇಲೆ ಆ ಜೇಡ ಅಂಗಾತ ಮಲಗಿತ್ತು. ಮೇಲೊಂದು ತುಳಸಿ ಎಲೆ.

"ಮಧ್ಯಾಹ್ನ ನೋಡ್ತೀನಿ, ಅಂಗಾತ ಬಿದ್ದಿದೆ" ಅಂದಳು. ದನಿ ಶಾಂತವಾಗಿತ್ತು. "ಉಸಿರಿತ್ತು ಕಣೇ, ಕಾಲು ಸ್ವಲ್ಪ ಸ್ವಲ್ಪ ಆಡ್ತಿತ್ತು. ಆಗಲೇ ಇಳಿಸಿದೆ. ಕೈಯಲ್ಲೇ ಎತ್ತಿದೆ. ತಲೆ ಯಾವ ಕಡೆ ಅಂತ ಸರಿಯಾಗಿ ತಿಳೀಲಿಲ್ಲ, ಕಣ್ಣಿರೋ ಕಡೆ ದಕ್ಷಿಣಕ್ಕೆ ಮಾಡಿದೆ. ಬಾಯಿಗೆ ಗಂಗೆ ಬಿಟ್ಟೆ. ನಾರಾಯಣ ಅಂದೆ."

ಒಂದು ವರ್ಷದಲ್ಲಿ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ನಾನು ಬಗ್ಗಿ ನೋಡಿದೆ. ಎದೆಯ ಅಂಚಿನಲ್ಲಿ ಮೈ ಬಿರಿದಿತ್ತು, ಬಿರುಕಿನೊಳಗೆ ಏನೋ ಬೆಳ್ಳಗೆ ಮೆತ್ತಗೆ ಕಾಣುತ್ತಿತ್ತು. ಕಾಲುಗಳು ಆಡುತ್ತಿರಲಿಲ್ಲ. ಏನೋ ಪೆಟ್ಟಾಗಿದೆ ಎಂದುಕೊಂಡೆ.

"ಗಿಂಡಿ ಒಂದೇ ಇತ್ತಲ್ಲಮ್ಮ" ಎಂದೆ. ಅದು ಅವಳಿಗಾಗಿ ಉಳಿದದ್ದೆಂದು ಇಬ್ಬರಿಗೂ ಗೊತ್ತಿತ್ತು.

"ನನಗೆ ನೀನಿದ್ದೀಯಲ್ಲ, ಬೀದಿಗೆ ಬರೋ ಲಾರಿ ನೀರು ಬಿಡು ಸಾಕು" ಅಂದಳು. ಆಮೇಲೆ, "ಇದಕ್ಕಾದ್ರೂ ನಾಲಿಗೆ ಒದ್ದೆಯಾಯ್ತು" ಎಂದಳು. ಒಂದು ವರ್ಷ ತಡೆದ ಅಳುವೆಲ್ಲ ಅಲ್ಲಿ, ಆ ಬಾಳೆಲೆಯ ಮುಂದೆ ಹರಿಯಿತು. ನಾನು ಅವಳ ಒದ್ದೆ ಕೂದಲಿಗೆ ಮುಖವಿಟ್ಟು ಹಿಡಿದುಕೊಂಡಿದ್ದೆ. ಕತ್ತಲಾಗುವ ಮೊದಲು ಹಿತ್ತಲಿನ ದಾಸವಾಳದ ಬುಡದಲ್ಲಿ ಅಗೆದು ಹೂತೆವು. ಅಮ್ಮ ಆ ಒಣ ಜೇಡವಿದ್ದ ಬೆಂಕಿಪೊಟ್ಟಣವನ್ನೂ ತಂದು ಜೊತೆಗಿಟ್ಟಳು. ಗಂಡ ಹೆಂಡತಿಯನ್ನು ಬೇರೆ ಮಾಡಬಾರದು ಎಂದಳು.

ಮಾರನೆಯ ದಿನ ಆಫೀಸಿನಲ್ಲಿ ಕೂತು ಹುಡುಕಿದೆ. ಯಾವ ರೋಗವಿದ್ದೀತು, ನಾನು ಹಾಕಿದ ಮಿಡತೆಯಲ್ಲಿ ಔಷಧಿಯೇನಾದರೂ ಇತ್ತೇ ಎಂದು ತಿಳಿಯುವ ಹಟ. ಹಿಂದೆ ಪೆಟ್ಟಿಗೆಯ ಬಗ್ಗೆ ಓದಿದ್ದೆನೇ ಹೊರತು ಪ್ರಾಣಿಯ ಬಗ್ಗೆ ಓದಿರಲಿಲ್ಲ. ಮೊದಲ ಪುಟದಲ್ಲೇ ಇತ್ತು. ಪೊರೆ ಬಿಡುವ ಮುಂಚೆ ಅದು ವಾರಗಟ್ಟಲೆ ತಿನ್ನುವುದಿಲ್ಲ, ಬಣ್ಣ ಮಾಸುತ್ತದೆ. ಪೊರೆ ಬಿಡುವಾಗ ಅಂಗಾತ ಮಲಗುತ್ತದೆ. ನೋಡಿದವರು ಸತ್ತಿದೆ ಎಂದುಕೊಳ್ಳುತ್ತಾರೆ. ಸತ್ತಿರುವುದಿಲ್ಲ. ಆಗ ಅದರ ಮೈ ಹಾಲಿನ ಕೆನೆಯಷ್ಟು ಮೆತ್ತಗಿರುತ್ತದೆ, ಮುಟ್ಟಬಾರದು, ಎತ್ತಬಾರದು, ಮೇಲೆ ನೀರು ಬಿಡಬಾರದು. ಬಿಟ್ಟುಬಿಟ್ಟರೆ ತಾನೇ ಹೊಸ ಮೈ ಹೊತ್ತು ಏಳುತ್ತದೆ.

ಕಿವಿಯಲ್ಲಿ ಯಾರೋ ವೈದ್ಯ ಯಾರದೋ ಎದೆಯ ಕಾಯಿಲೆ ಹೇಳುತ್ತಲೇ ಇದ್ದ. ನನ್ನ ಕೈ ಓಡಲಿಲ್ಲ. ಅದು ಸಾಯಲು ಮಲಗಿರಲಿಲ್ಲ. ನಮ್ಮ ಮನೆಯಲ್ಲಿ ಇನ್ನೆಷ್ಟೋ ವರ್ಷ ಬದುಕಲು ಸಿದ್ಧವಾಗುತ್ತಿತ್ತು. ಅಮ್ಮ ತನ್ನ ಪಾಲಿನ ಗಂಗೆಯನ್ನು ಒಡೆದು, ಮಗನಿಗೆ ಮಾಡಲಾಗದ್ದನ್ನು ಮಾಡಿ, ಅದನ್ನು ಕಳಿಸಿಬಿಟ್ಟಿದ್ದಳು. ಬಸ್ಸಿನುದ್ದಕ್ಕೂ ಕಿಟಕಿಯ ಕಂಬಿಗೆ ಹಣೆಯೊತ್ತಿ ಕೂತಿದ್ದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಸುಳ್ಳು ಕಂಡರಾಗದು ಎಂದು ಜಂಬ ಕೊಚ್ಚಿಕೊಂಡವಳು ನಾನು.

ಮನೆಗೆ ಬಂದಾಗ ಅಮ್ಮ ತೊಟ್ಟಿಯ ಗಾಜು ಒರೆಸುತ್ತಿದ್ದಳು. ದಿಮ್ಮಿ ಹೊರಗಿತ್ತು. ನಾನು ಕೈಕಾಲು ತೊಳೆದು ಕೂತೆ. ಅವಳು ತಟ್ಟೆ ತಂದಿಟ್ಟು ಅನ್ನ ಬಡಿಸಿದಳು.

"ಕಂಪ್ಯೂಟರಲ್ಲಿ ನೋಡ್ತೀನಿ ಅಂದಿದ್ಯಲ್ಲ" ಎಂದಳು. "ಯಾಕೆ ಹೋಯ್ತಂತೆ?"

ನಾನು ಅನ್ನದ ಮೇಲೆ ಬೆರಳಾಡಿಸಿದೆ. ಅವಳು ಸೌಟು ಹಿಡಿದು ಕಾಯುತ್ತಿದ್ದಳು.

"ವಯಸ್ಸಾಗಿತ್ತಂತೆ ಕಣಮ್ಮ."

ಅಮ್ಮ ಗಾಜಿನ ಕಡೆ ತಿರುಗಿದಳು.

"ಸದ್ಯ" ಅಂದಳು. "ಈ ಮನೇಲಿ ಒಬ್ಬರಾದ್ರೂ ವಯಸ್ಸಾಗಿ ಹೋದ್ರಲ್ಲ."

ಆಮೇಲೆ ನನಗೆ ಸಾರು ಬಡಿಸಿ, ತನಗೂ ಒಂದು ತಟ್ಟೆ ಹಾಕಿಕೊಂಡು ನನ್ನ ಎದುರಿಗೆ ಕೂತಳು.